ನೂರರಲ್ಲಿ ಉಳಿದ ಆ ಇಬ್ಬರು

1826ರಲ್ಲಿ ಷಾರ್ಲ್ ದ್ಯುಪ್ಯಾಂ ಎಂಬ ಫ್ರೆಂಚ್ ಗಣಿತಜ್ಞ ತನ್ನ ದೇಶದ ಒಂದು ನಕಾಶೆ ಬರೆದ. ಅದರಲ್ಲಿ ನದಿಯಾಗಲಿ ರಸ್ತೆಯಾಗಲಿ ಮುಖ್ಯವಾಗಿರಲಿಲ್ಲ. ಒಂದೊಂದು ಆಡಳಿತ ವಿಭಾಗಕ್ಕೂ ಬಿಳಿಯಿಂದ ಕಪ್ಪಿನವರೆಗಿನ ಒಂದೊಂದು ಛಾಯೆ ತುಂಬಿದ್ದ. ಎಷ್ಟು ಜನರಿಗೆ ಶಾಲೆಗೆ ಹೋಗುವ ಒಬ್ಬ ಹುಡುಗ ಇದ್ದಾನೆ ಎಂಬ ಲೆಕ್ಕದ ಮೇಲೆ ಛಾಯೆ ನಿರ್ಧಾರವಾಗಿತ್ತು. ದೇಶದ ಉತ್ತರ ಮತ್ತು ಪೂರ್ವ ಭಾಗ ಬೆಳ್ಳಗೆ, ದಕ್ಷಿಣ ಮತ್ತು ಪಶ್ಚಿಮ ಭಾಗ ಕಪ್ಪಗೆ ಕಂಡಿತು. ಅಂಕಿಅಂಶವನ್ನು ಹೀಗೆ ಬಣ್ಣದ ಗಾಢತೆಯಲ್ಲಿ ತೋರಿಸಿದ ಮೊದಲ ನಕಾಶೆ ಇದೇ ಎಂದು ನಕಾಶೆಗಳ ಚರಿತ್ರೆ ಬರೆದವರು ಹೇಳುತ್ತಾರೆ. ಚುನಾವಣೆ ಫಲಿತಾಂಶದ ದಿನ ಟಿ.ವಿ.ಯಲ್ಲಿ ಕಾಣುವ ಬಣ್ಣಬಣ್ಣದ ನಕಾಶೆಗಳ ಮೂಲಪುರುಷ ಅದು. ಅದು ಹುಟ್ಟಿದ್ದು ಶಾಲೆಗೆ ಹೋಗುವ ಮಕ್ಕಳನ್ನು ಎಣಿಸುವ ಹಂಬಲದಿಂದ.

ದ್ಯುಪ್ಯಾಂ ಲೆಕ್ಕದಲ್ಲಿ ಒಂದು ತೊಡಕಿತ್ತು. ಅವನು ಶಾಲಾ ಮಕ್ಕಳನ್ನು ಹೋಲಿಸಿದ್ದು ಶಾಲೆಗೆ ಹೋಗಬೇಕಾದ ವಯಸ್ಸಿನ ಮಕ್ಕಳ ಜೊತೆಗಲ್ಲ, ಇಡೀ ಜನಸಂಖ್ಯೆಯ ಜೊತೆಗೆ. ಮುದುಕರೇ ಹೆಚ್ಚಾಗಿರುವ ಪ್ರದೇಶದಲ್ಲಿ ಪ್ರತಿಯೊಂದು ಮಗುವೂ ಶಾಲೆಯಲ್ಲಿದ್ದರೂ ನಕಾಶೆಯಲ್ಲಿ ಆ ಪ್ರದೇಶ ಕಪ್ಪಾಗಿಯೇ ಕಾಣಬಹುದು. ಶಾಲಾ ದಾಖಲಾತಿಯ ಪ್ರಮಾಣ ಎಂದರೆ ಒಂದು ಭಿನ್ನರಾಶಿ. ಮೇಲಿನ ಅಂಶದಲ್ಲಿ ಶಾಲೆಯಲ್ಲಿರುವವರು, ಕೆಳಗಿನ ಛೇದದಲ್ಲಿ ಇರಬೇಕಾದವರು. ಆ ಎರಡೂ ಕಡೆ ಯಾರನ್ನು ಸೇರಿಸಬೇಕು ಎಂಬ ಪ್ರಶ್ನೆ ಯುರೋಪಿನ ಲೆಕ್ಕಿಗರನ್ನು ಇಂದಿಗೂ ಬಿಟ್ಟಿಲ್ಲ.

ನೂರನ್ನು ದಾಟುವ ನೂರು

ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ 1,000 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಅವರಲ್ಲಿ 940 ಮಂದಿ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಫೇಲಾಗಿಯೋ ತಡವಾಗಿ ಸೇರಿಯೋ ಅದೇ ತರಗತಿಗಳಲ್ಲಿ ಕುಳಿತಿರುವ ದೊಡ್ಡ ಮಕ್ಕಳು 90 ಮಂದಿ. ವಯಸ್ಸು ನೋಡದೆ ಎಲ್ಲರನ್ನೂ ಎಣಿಸಿದರೆ 1,030. ಅದನ್ನು 1,000ದಿಂದ ಭಾಗಿಸಿದಾಗ ಬರುವ ಶೇ 103, ಒಟ್ಟು ದಾಖಲಾತಿ ಅನುಪಾತ. ಸರಿಯಾದ ವಯಸ್ಸಿನವರನ್ನು ಮಾತ್ರ ಎಣಿಸಿದರೆ ಶೇ 94, ಇದು ನಿವ್ವಳ ಅನುಪಾತ. ಇನ್ನುಳಿದ 60 ಮಕ್ಕಳಲ್ಲಿ 25 ಮಂದಿ ಬೇಗ ಸೇರಿ ಆಗಲೇ ಪ್ರೌಢ ಹಂತಕ್ಕೆ ಹೋಗಿದ್ದರೆ, ಅವರನ್ನೂ ಸೇರಿಸಿಕೊಂಡ ಪರಿಷ್ಕೃತ ನಿವ್ವಳ ಅನುಪಾತ ಶೇ 96.5. ಊರು ಒಂದೇ, ಮಕ್ಕಳು ಅವರೇ, ಉತ್ತರ ಮಾತ್ರ ಮೂರು. ಶೇ 103 ಎಂಬ ಅಂಕಿ ನೋಡಿ ಸಮಾಧಾನಪಟ್ಟುಕೊಂಡವರಿಗೆ ಹೊರಗೇ ಉಳಿದ 35 ಮಕ್ಕಳು ಕಾಣುವುದೇ ಇಲ್ಲ.

ನಾರ್ವೆಯಲ್ಲಿ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ಪದ್ಧತಿ ಇಲ್ಲ. ಎಲ್ಲರೂ ವಯಸ್ಸಿನ ಜೊತೆಗೇ ಮೇಲಿನ ತರಗತಿಗೆ ಹೋಗುತ್ತಾರೆ. ಹಾಗಾಗಿ ಒಟ್ಟು ಮತ್ತು ನಿವ್ವಳ ಅಂಕಿಗಳ ನಡುವೆ ಅಂತರ ಹೆಚ್ಚಿರುವುದಿಲ್ಲ. ಸ್ಪೇನ್, ಬೆಲ್ಜಿಯಂಗಳಲ್ಲಿ ಒಂದೇ ತರಗತಿಯಲ್ಲಿ ಎರಡನೇ ವರ್ಷ ಕುಳಿತುಕೊಳ್ಳುವ ಮಕ್ಕಳು ಬಹುಕಾಲದಿಂದ ಹೆಚ್ಚು. ಅಲ್ಲಿ ಈ ಅಂತರವನ್ನು ಗಮನಿಸದೆ ಹೋಲಿಕೆ ಮಾಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಕಾಲೇಜು ಹಂತದಲ್ಲಿ ಇದು ಇನ್ನೂ ಸ್ಪಷ್ಟ. ಗ್ರೀಸ್‌ನಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಅನುಪಾತ ಶೇ 140ನ್ನೂ ಮೀರಿದೆ. ಅಲ್ಲಿ ವಿಶ್ವವಿದ್ಯಾಲಯಕ್ಕೆ ಒಮ್ಮೆ ಸೇರಿದವರ ಹೆಸರು, ಪದವಿ ಮುಗಿಸದಿದ್ದರೂ, ಬಹುಕಾಲ ಪುಸ್ತಕದಲ್ಲಿ ಹಾಗೆಯೇ ಉಳಿಯುತ್ತಿತ್ತು. ನಲವತ್ತು ದಾಟಿದವರೂ ಅಂಶದಲ್ಲಿ ಸೇರುತ್ತಾರೆ. ಛೇದದಲ್ಲಿ ಇರುವವರು ಮಾತ್ರ ಪ್ರೌಢಶಿಕ್ಷಣ ಮುಗಿಸಿದ ನಂತರದ ಐದು ವರ್ಷಗಳ ವಯೋಮಾನದವರು. ಅಂಥ ಹೆಸರುಗಳನ್ನು ತೆಗೆದುಹಾಕಲು ಗ್ರೀಸ್ ಸರ್ಕಾರ ಇತ್ತೀಚೆಗೆ ಕಾನೂನು ತಂದಿದೆ. ಅದು ಪೂರ್ತಿ ಜಾರಿಯಾದಾಗ ಅನುಪಾತ ಇಳಿಯುತ್ತದೆ. ಆದರೆ ತರಗತಿಯಲ್ಲಿ ಕುಳಿತ ಒಬ್ಬ ವಿದ್ಯಾರ್ಥಿಯೂ ಕಡಿಮೆಯಾಗಿರುವುದಿಲ್ಲ.

ಇದಕ್ಕೆ ವಿರುದ್ಧ ತುದಿಯಲ್ಲಿ ಲಕ್ಸಂಬರ್ಗ್ ಇದೆ. ಯುರೋಪಿನ ಅತಿ ಶ್ರೀಮಂತ ದೇಶಗಳಲ್ಲಿ ಒಂದಾದರೂ ಅಲ್ಲಿನ ಇದೇ ಅನುಪಾತ ಶೇ 20ರ ಆಸುಪಾಸು. ಲಕ್ಸಂಬರ್ಗ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೇ 2003ರಲ್ಲಿ. ಅಲ್ಲಿನ ಯುವಜನರಲ್ಲಿ ಬಹುಪಾಲು ಓದಲು ಜರ್ಮನಿ, ಬೆಲ್ಜಿಯಂ, ಫ್ರಾನ್ಸ್‌ಗಳಿಗೆ ಹೋಗುತ್ತಾರೆ. ಅವರು ಸೇರುವುದು ಆ ದೇಶಗಳ ಅಂಶಕ್ಕೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಗ್ರೀಕರು ಲಕ್ಸಂಬರ್ಗಿನವರಿಗಿಂತ ಏಳು ಪಟ್ಟು ಹೆಚ್ಚು ಓದುತ್ತಾರೆ ಎನ್ನುವುದರಲ್ಲಿ ಹುರುಳಿಲ್ಲ.

ಯಾವುದು ಶಾಲೆ, ಯಾವ ವಯಸ್ಸು?

ಇಂಗ್ಲೆಂಡಿನ ಮಗು 5ನೇ ವಯಸ್ಸಿಗೆ ಒಂದನೇ ತರಗತಿಗೆ ಬರುತ್ತದೆ. ಫಿನ್ಲೆಂಡಿನ ಮಗುವಿಗೆ ಆ ತರಗತಿ 7 ತುಂಬುವ ವರ್ಷದಲ್ಲಿ. ಆರು ವರ್ಷದವರಲ್ಲಿ ಪ್ರಾಥಮಿಕ ಶಾಲೆಯಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಎಲ್ಲರೂ, ಫಿನ್ಲೆಂಡಿನಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ. ಹಾಗೆಂದು ಫಿನ್ಲೆಂಡಿನ ಮಕ್ಕಳು ಬೀದಿಯಲ್ಲಿ ಆಡಿಕೊಂಡಿಲ್ಲ. ಆರನೇ ವಯಸ್ಸಿನಲ್ಲಿ ಒಂದು ವರ್ಷದ ಶಾಲಾಪೂರ್ವ ಶಿಕ್ಷಣ ಅಲ್ಲಿ 2015ರಿಂದ ಕಡ್ಡಾಯ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆ ನಾಲ್ಕು ವರ್ಷ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ಗಳಲ್ಲಿ ಆರು ವರ್ಷ. ಒಂದೇ ದೇಶದೊಳಗೇ ಹನ್ನೊಂದು ವರ್ಷದ ಮಗು ಒಂದು ರಾಜ್ಯದಲ್ಲಿ ಪ್ರಾಥಮಿಕದಲ್ಲಿದ್ದರೆ ಇನ್ನೊಂದರಲ್ಲಿ ಮುಂದಿನ ಹಂತದಲ್ಲಿರುತ್ತದೆ.

ಈ ಗೊಂದಲಕ್ಕೆ ಒಂದು ಸಾಮಾನ್ಯ ಅಳತೆಗೋಲು ಬೇಕೆಂದು ಯುನೆಸ್ಕೊ 1970ರ ದಶಕದಲ್ಲಿ ಶಿಕ್ಷಣದ ಅಂತರರಾಷ್ಟ್ರೀಯ ವರ್ಗೀಕರಣವೊಂದನ್ನು ರೂಪಿಸಿತು. 1997 ಮತ್ತು 2011ರಲ್ಲಿ ಅದು ಪರಿಷ್ಕೃತವಾಯಿತು. ಈಗ ಅದರಲ್ಲಿ ಶಿಶುಶಿಕ್ಷಣದ 0ಯಿಂದ ಡಾಕ್ಟರೇಟ್‌ನ 8ರವರೆಗೆ ಒಂಬತ್ತು ಹಂತಗಳಿವೆ. ದೇಶವೊಂದು ತನ್ನ ಶಾಲೆಯನ್ನು ಏನೆಂದೇ ಕರೆಯಲಿ, ಅಲ್ಲಿ ಕಲಿಸುವುದೇನು ಎಂಬುದನ್ನು ನೋಡಿ ಹಂತ ಗೊತ್ತುಮಾಡುತ್ತಾರೆ. ಫಿನ್ಲೆಂಡಿನ ಒಂಬತ್ತು ವರ್ಷಗಳ ಅಖಂಡ ಶಾಲೆಯನ್ನು ಅಂಕಿಅಂಶಕ್ಕಾಗಿ ಆರು ಮತ್ತು ಮೂರು ಎಂದು ಒಡೆಯಲಾಗುತ್ತದೆ. ಯುನೆಸ್ಕೊ, ಪ್ಯಾರಿಸ್‌ನಲ್ಲಿರುವ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯಾದ ಒಇಸಿಡಿ ಮತ್ತು ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿಯಾದ ಯುರೋಸ್ಟಾಟ್ ಜೊತೆಗೂಡಿ ಒಂದೇ ಪ್ರಶ್ನಾವಳಿಯನ್ನು ದೇಶಗಳಿಗೆ ಕಳಿಸುತ್ತವೆ. ಹಂತಗಳ ಬದಲು ವಯಸ್ಸನ್ನೇ ಹಿಡಿದು, ಆ ವಯಸ್ಸಿನವರಲ್ಲಿ ಯಾವುದಾದರೊಂದು ಶಿಕ್ಷಣದಲ್ಲಿರುವವರು ಎಷ್ಟು ಎಂದು ಕೇಳುವುದು ಈಗ ಹೋಲಿಕೆಗೆ ಹೆಚ್ಚು ನಂಬಲರ್ಹ ದಾರಿ.

ಆಗಲೂ ನಿರ್ಧಾರಗಳು ಉಳಿಯುತ್ತವೆ. ಜರ್ಮನಿಯ ಹದಿನೇಳರ ಹುಡುಗಿಯೊಬ್ಬಳು ವಾರದಲ್ಲಿ ಮೂರು ನಾಲ್ಕು ದಿನ ಗ್ಯಾರೇಜಿನಲ್ಲೋ ಬ್ಯಾಂಕಿನಲ್ಲೋ ಸಂಬಳ ಪಡೆದು ಕೆಲಸ ಕಲಿಯುತ್ತಾಳೆ, ಉಳಿದ ದಿನ ವೃತ್ತಿಶಾಲೆಗೆ ಹೋಗುತ್ತಾಳೆ. ಅವಳನ್ನು ವಿದ್ಯಾರ್ಥಿನಿ ಎಂದೇ ಎಣಿಸುತ್ತಾರೆ. ಎಣಿಸದೆ ಬಿಟ್ಟರೆ, ಜಗತ್ತಿನ ಅತ್ಯುತ್ತಮ ವೃತ್ತಿಶಿಕ್ಷಣ ಪರಂಪರೆಗಳಲ್ಲೊಂದು ಅಂಕಿಗಳಲ್ಲಿ ಶಾಲೆ ಬಿಟ್ಟವರ ಗುಂಪಾಗಿ ಕಾಣುತ್ತದೆ.

ಛೇದದಲ್ಲಿ ಕಾಣೆಯಾದವರು

ಅಂಶಕ್ಕಿಂತ ಛೇದ ಕಷ್ಟ. ಶಾಲೆಯಲ್ಲಿರುವ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ. ಶಾಲೆಯಲ್ಲಿ ಇರಬೇಕಾಗಿದ್ದ ಮಗುವನ್ನು ಜನಗಣತಿಯಿಂದ ಅಂದಾಜು ಮಾಡಬೇಕು, ಜನಗಣತಿ ನಡೆಯುವುದು ಹತ್ತು ವರ್ಷಕ್ಕೊಮ್ಮೆ.

ರೊಮೇನಿಯಾದಲ್ಲಿ 2002ರ ಜನಗಣತಿ ಎಣಿಸಿದ್ದು ಸುಮಾರು 2.17 ಕೋಟಿ ಜನರನ್ನು. 2011ರಲ್ಲಿ ಸಿಕ್ಕವರು 2.01 ಕೋಟಿ. ನಡುವೆ 2007ರಲ್ಲಿ ದೇಶ ಐರೋಪ್ಯ ಒಕ್ಕೂಟ ಸೇರಿತ್ತು. ಲಕ್ಷಾಂತರ ಮಂದಿ ಇಟಲಿ, ಸ್ಪೇನ್‌ಗಳಿಗೆ ದುಡಿಯಲು ಹೋಗಿದ್ದರು. ಹೀಗೆ ಹೋದವರಲ್ಲಿ ಎಲ್ಲರೂ ತಾಯ್ನಾಡಿನ ಕಚೇರಿಗೆ ತಿಳಿಸಿ ಹೋಗುವುದಿಲ್ಲ. ಜನಗಣತಿಯ ನಂತರ ಹಿಂದಿನ ವರ್ಷಗಳ ಅಂದಾಜುಗಳನ್ನೂ ತಿದ್ದಬೇಕಾಯಿತು. ತಿದ್ದುವ ಮುನ್ನ, ತಂದೆತಾಯಿಯ ಜೊತೆ ಇಟಲಿಗೆ ಹೋಗಿ ಅಲ್ಲಿನ ಶಾಲೆಯಲ್ಲಿ ಓದುತ್ತಿದ್ದ ಮಗು ರೊಮೇನಿಯಾದ ಛೇದದಲ್ಲೂ ಉಳಿದಿದ್ದರೆ, ತನ್ನ ದೇಶದ ಲೆಕ್ಕದಲ್ಲಿ ಅದು ಶಾಲೆಯಿಂದ ಹೊರಗುಳಿದ ಮಗು.

2022ರ ಯುದ್ಧದ ನಂತರ ಇದೇ ಪ್ರಶ್ನೆ ಉಕ್ರೇನಿನ ಮಕ್ಕಳ ವಿಷಯದಲ್ಲಿ ಎದ್ದಿತು. ಪೋಲೆಂಡಿನಲ್ಲಿ ಆಶ್ರಯ ಪಡೆದ ಅನೇಕ ಮಕ್ಕಳು ಅಲ್ಲಿನ ಶಾಲೆಗೆ ಸೇರದೆ ಆನ್‌ಲೈನ್‌ನಲ್ಲಿ ಉಕ್ರೇನಿನ ಶಾಲೆಯಲ್ಲೇ ಓದು ಮುಂದುವರಿಸಿದರು. ಪೋಲೆಂಡಿನ ಲೆಕ್ಕದಲ್ಲಿ ಅವರು ಶಾಲೆಗೆ ಸೇರದವರು, ಉಕ್ರೇನಿನ ಲೆಕ್ಕದಲ್ಲಿ ಸೇರಿದವರು. ಆದರೆ ಅವರಲ್ಲಿ ಯಾರು ನಿಜಕ್ಕೂ ಪಾಠ ಕೇಳುತ್ತಿದ್ದಾರೆ, ಯಾರು ಎರಡೂ ಕಡೆಯಿಂದ ಕಳಚಿಕೊಂಡಿದ್ದಾರೆ ಎಂದು ಹೇಳುವುದು ಹೇಗೆ? 2024ರ ಸೆಪ್ಟೆಂಬರಿನಿಂದ ಪೋಲೆಂಡ್ ಈ ಮಕ್ಕಳಿಗೂ ತನ್ನ ಶಾಲೆಗಳನ್ನು ಕಡ್ಡಾಯ ಮಾಡಿತು. ಉಕ್ರೇನಿನ ಶಾಲೆಯ ಕೊನೆಯ ವರ್ಷದಲ್ಲಿರುವವರಿಗೆ ವಿನಾಯಿತಿ ಉಳಿಸಿತು.

ಯುರೋಪಿನ ಲೆಕ್ಕದ ನಿಜವಾದ ಕಷ್ಟ ಇರುವುದು ಇಲ್ಲಿ. ನೂರರಲ್ಲಿ ಅರವತ್ತು ಮಕ್ಕಳು ಶಾಲೆಯಲ್ಲಿರುವ ದೇಶದಲ್ಲಿ ಛೇದ ಶೇ 2ರಷ್ಟು ಆಚೀಚೆಯಾದರೂ ಸರ್ಕಾರ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ನೂರರಲ್ಲಿ ತೊಂಬತ್ತೆಂಟು ಮಕ್ಕಳು ಶಾಲೆಯಲ್ಲಿರುವ ದೇಶದಲ್ಲಿ ಆ ಶೇ 2ರ ತಪ್ಪು, ಹೊರಗುಳಿದ ಮಕ್ಕಳ ಸಂಖ್ಯೆಯಷ್ಟೇ ದೊಡ್ಡದು. ಉಳಿದ ಆ ಇಬ್ಬರು ನಿಜವಾಗಿ ಇದ್ದಾರೋ ಇಲ್ಲವೋ ಎಂದೇ ತಿಳಿಯದಂತಾಗುತ್ತದೆ. ಶಾಲೆಗಳು ಹೆಚ್ಚಿದಷ್ಟೂ ಅಳತೆ ಸುಲಭವಾಗಬೇಕಿತ್ತು ಎನಿಸಬಹುದು. ಆಗುವುದು ಅದಕ್ಕೆ ವಿರುದ್ಧ.

ಹೆಸರು ಹಿಡಿದು ಎಣಿಸುವುದು

ಇದಕ್ಕೆ ಉತ್ತರ ಕಂಡುಕೊಂಡವರಲ್ಲಿ ಮೊದಲಿಗರು ನಾರ್ಡಿಕ್ ದೇಶಗಳವರು. ಸ್ವೀಡನ್ 1947ರಲ್ಲೇ ಪ್ರತಿಯೊಬ್ಬರಿಗೂ ವೈಯಕ್ತಿಕ ಸಂಖ್ಯೆ ಕೊಟ್ಟಿತು. ನಾರ್ವೆ 1964ರಲ್ಲಿ, ಡೆನ್ಮಾರ್ಕ್ 1968ರಲ್ಲಿ ಅದೇ ದಾರಿ ಹಿಡಿದವು. ಜನಸಂಖ್ಯೆಯ ನೋಂದಣಿಗೂ ಶಾಲೆಯ ನೋಂದಣಿಗೂ ಒಂದೇ ಸಂಖ್ಯೆ ಇದ್ದರೆ ಎರಡನ್ನೂ ಜೋಡಿಸಿ ನೋಡಬಹುದು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಮಗು ಶೇಕಡಾವಾರು ಅಂಕಿಯಾಗಿ ಅಲ್ಲ, ವಿಳಾಸವಿರುವ ಮಗುವಾಗಿ ಸಿಗುತ್ತದೆ. ಆದರೆ ಕಾಗದಪತ್ರವಿಲ್ಲದೆ ಬಂದ ವಲಸಿಗರ ಮಕ್ಕಳು ಇಂಥ ನೋಂದಣಿಯೊಳಗೂ ಬರುವುದಿಲ್ಲ.

ಇನ್ನೊಂದು ದಾರಿ ಮನೆಮನೆಯ ಸಮೀಕ್ಷೆ. 18ರಿಂದ 24ರ ವಯಸ್ಸಿನವರಲ್ಲಿ ಪ್ರೌಢಶಿಕ್ಷಣದ ಕೆಳಹಂತಕ್ಕಿಂತ ಹೆಚ್ಚು ಓದದೆ, ಕಳೆದ ನಾಲ್ಕು ವಾರಗಳಲ್ಲಿ ಯಾವ ತರಬೇತಿಯನ್ನೂ ಪಡೆಯದವರು ಎಷ್ಟು ಎಂದು ಯುರೋಸ್ಟಾಟ್ ಕಾರ್ಮಿಕ ಸಮೀಕ್ಷೆಯ ಮೂಲಕ ಲೆಕ್ಕ ಹಾಕುತ್ತದೆ. 2002ರಲ್ಲಿ ಇದು ಸುಮಾರು ಶೇ 17 ಇತ್ತು, ಈಗ ಶೇ 10ಕ್ಕಿಂತ ಕೆಳಗಿದೆ. 2030ರೊಳಗೆ ಶೇ 9ಕ್ಕಿಂತ ಕೆಳಗಿಳಿಸುವುದು ಒಕ್ಕೂಟದ ಗುರಿ. ಶಾಲೆಯ ಪುಸ್ತಕದಲ್ಲಿ ಹೆಸರಿದೆಯೇ ಎಂದು ಕೇಳದೆ, ಶಾಲೆಯಿಂದ ಏನು ಸಿಕ್ಕಿತು ಎಂದು ನೇರವಾಗಿ ಯುವಜನರನ್ನೇ ಕೇಳುವುದು ಇದರ ಬಲ.

ದಾಖಲಾದ ಮೇಲೆ

ಚೆಕ್ ಗಣರಾಜ್ಯದ ಒಸ್ಟ್ರಾವಾ ನಗರದ, ರೋಮಾ ಎಂಬ ಅಲ್ಪಸಂಖ್ಯಾತ ಸಮುದಾಯದ 18 ಮಕ್ಕಳ ಮೊಕದ್ದಮೆಯಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ ತೀರ್ಪು ಕೊಟ್ಟಿತು. ಬುದ್ಧಿಮಾಂದ್ಯ ಮಕ್ಕಳಿಗೆಂದು ಇದ್ದ ವಿಶೇಷ ಶಾಲೆಗಳಿಗೆ ರೋಮಾ ಮಕ್ಕಳನ್ನು ಸಾರಾಸಗಟಾಗಿ ಸೇರಿಸುತ್ತಿದ್ದರು. ಆ ನಗರದಲ್ಲಿ ರೋಮಾ ಮಗು ಅಂಥ ಶಾಲೆ ಸೇರುವ ಸಾಧ್ಯತೆ ಬೇರೆ ಮಗುವಿಗಿಂತ 27 ಪಟ್ಟು ಹೆಚ್ಚು ಎಂಬ ಅಂಕಿ ನ್ಯಾಯಾಲಯದ ಮುಂದೆ ಬಂತು. ಇದು ತಾರತಮ್ಯ ಎಂದು ನ್ಯಾಯಾಲಯ ಹೇಳಿತು. ದಾಖಲಾತಿಯ ಅಂಕಿಯಲ್ಲಿ ಈ ಮಕ್ಕಳೆಲ್ಲರೂ ಶಾಲೆಯಲ್ಲಿದ್ದವರೇ. ಅನ್ಯಾಯವನ್ನು ತೋರಿಸಿದ್ದು ದಾಖಲಾತಿಯ ಸರಾಸರಿಯಲ್ಲ, ಯಾವ ಮಗು ಯಾವ ಶಾಲೆಯಲ್ಲಿ ಎಂದು ಬಿಡಿಸಿ ಎಣಿಸಿದ ಲೆಕ್ಕ.

ಒಟ್ಟು ದಾಖಲಾತಿ ಅನುಪಾತವನ್ನು ನಮ್ಮ ದೇಶದ ಶಿಕ್ಷಣ ವರದಿಗಳೂ ಇದೇ ಅರ್ಥದಲ್ಲಿ ಬಳಸುತ್ತವೆ. ಹಾಗಾಗಿ ಯುರೋಪಿನವರು ಕಷ್ಟಪಟ್ಟು ಕಲಿತ ಪ್ರಶ್ನೆಗಳನ್ನು ನಾವೂ ಕೇಳಬಹುದು. ಅಂಶದಲ್ಲಿ ಯಾವ ವಯಸ್ಸಿನವರಿದ್ದಾರೆ, ಛೇದ ಯಾವ ವರ್ಷದ ಜನಗಣತಿಯದು, ದುಡಿಮೆಗೆಂದು ವಲಸೆ ಹೋದ ಕುಟುಂಬದ ಮಗುವನ್ನು ಎಲ್ಲಿ ಎಣಿಸಿದ್ದಾರೆ, ಹೆಸರು ಬರೆಸಿದ ಮಗು ಎಂಥ ಶಾಲೆಯಲ್ಲಿ ಕುಳಿತಿದೆ? ಈ ನಾಲ್ಕಕ್ಕೂ ಉತ್ತರ ಕೊಡದ ಶೇಕಡಾ ಅಂಕಿಯನ್ನು ಎರಡು ದೇಶಗಳ ನಡುವಿನ ಸ್ಪರ್ಧೆಗೆ ಬಳಸಬಾರದು. ಉತ್ತರ ಕೊಡುವ ಅಂಕಿ ಹೊರಗುಳಿದ ಮಗು ಎಲ್ಲಿದೆ ಎಂಬುದನ್ನೂ ತೋರಿಸುತ್ತದೆ. ಎಣಿಕೆಯ ಶ್ರಮ ಸಾರ್ಥಕವಾಗುವುದು ಆಗಲೇ.