ಸರ್ವರ್ ದಾರಿ ತಪ್ಪಿದರೆ ತಂತಿಯನ್ನು ದೂರಬೇಡಿ

ವಾಮಂಜೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 169ರ ಬದಿ ನಿಂತವರು ಮೂಡುಬಿದಿರೆಗೆ ಹೋಗಬೇಕಾದರೆ ಗುರುಪುರದ ಕಡೆಗೂ, ಮಂಗಳೂರು ಪೇಟೆಗೆ ಹೋಗಬೇಕಾದರೆ ಕುಡುಪುವಿನ ಕಡೆಗೂ ತಿರುಗುತ್ತಾರೆ. ಸರ್ವರ್ ಕೂಡ ಪ್ರತಿಯೊಂದು ಮಾಹಿತಿ ತುಣುಕನ್ನು ಕಳುಹಿಸುವ ಮುನ್ನ ಇಂತಹುದೇ ತೀರ್ಮಾನ ಕೈಗೊಳ್ಳುತ್ತದೆ. ಅದರ ಕೈಮರವೇ ರೂಟಿಂಗ್ ಟೇಬಲ್. ವಿಳಾಸಕ್ಕೆ ಪ್ರತ್ಯೇಕ ದಾರಿ ಅದರಲ್ಲಿ ಇಲ್ಲದಿದ್ದರೆ ಮಾಹಿತಿಯು 'ಡೀಫಾಲ್ಟ್ ಗೇಟ್‌ವೇ'ಗೆ ಹೋಗುತ್ತದೆ.

ವಿಂಡೋಸ್ ಸರ್ವರ್‌ಗಳಲ್ಲಿ ಪದೇ ಪದೇ ಕಾಣುವ ದೋಷವೊಂದಿದೆ. ಸರ್ವರ್‌ನ ಎರಡು ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಒಂದು ಅಂತರ್ಜಾಲಕ್ಕೆ, ಇನ್ನೊಂದು ಕಚೇರಿಯ ಒಳಜಾಲಕ್ಕೆ. ಎರಡಕ್ಕೂ ಗೇಟ್‌ವೇ ನಮೂದಿಸಿದರೆ, 'ಮೆಟ್ರಿಕ್' ಎಂಬ ಅಂಕಿ ಕಡಿಮೆಯಿರುವ ದಾರಿಯನ್ನೇ ಸರ್ವರ್ ಹಿಡಿಯುತ್ತದೆ. ಅದು ಅಂತರ್ಜಾಲದ ದಾರಿಯಾಗಿದ್ದರೆ, ಶಾಖಾ ಕಚೇರಿಗೆ ಒಳಜಾಲದ ಮೂಲಕ ಹೋಗಬೇಕಾದ ಮಾಹಿತಿ ಹೊರದಾರಿಯಲ್ಲಿ ಹೋಗಿ ಕಳೆದುಹೋಗಬಹುದು. ಸರ್ವರ್ ಇರುವ ಜಾಲದ್ದೇ ಕಂಪ್ಯೂಟರುಗಳಿಗೆ ಗೇಟ್‌ವೇ ಬೇಕಿಲ್ಲವಾದ್ದರಿಂದ ಅಲ್ಲಿ ಎಲ್ಲವೂ ಸರಿಯಿರುತ್ತದೆ. ಹೀಗಾಗಿ ಸಂಶಯ ಸರ್ವರನ್ನು ಬಿಟ್ಟು ಸಂಪರ್ಕ ತಂತಿಯ ಮೇಲೆ ಬೀಳುತ್ತದೆ. ಶಾಖೆಯ ಕೆಲಸ ಮಾತ್ರ ನಿಂತೇ ಇರುತ್ತದೆ.

ಪರೀಕ್ಷೆಯು ಹತ್ತಿರದಿಂದ ದೂರಕ್ಕೆ ಸಾಗಬೇಕು. 'ಪಿಂಗ್' ಆದೇಶ ನೀಡಿ, ಮೊದಲು ಗೇಟ್‌ವೇ, ಬಳಿಕ ಶಾಖೆಯ ಕಂಪ್ಯೂಟರ್ ಉತ್ತರಿಸುತ್ತವೆಯೇ ಎಂದು ನೋಡಬೇಕು. ಮಾಹಿತಿ ಯಾವ ಕಡೆಗೆ ಹೊರಟಿತೆಂಬುದನ್ನು 'ಟ್ರೇಸರ್ಟ್' ತೋರಿಸುತ್ತದೆ. 'ರೂಟ್ ಪ್ರಿಂಟ್' ನೀಡುವ ಸಕ್ರಿಯ ದಾರಿಗಳ ಪಟ್ಟಿಯಲ್ಲಿ ಗಮ್ಯಸ್ಥಾನ 0.0.0.0 ಎಂದಿರುವ ಸಾಲು ಎರಡಿದ್ದರೆ, ದೋಷ ಅಲ್ಲಿಯೇ ಇರುವ ಸಾಧ್ಯತೆ ಹೆಚ್ಚು.

ಆಗ ಶಾಖೆಯ ಜಾಲಕ್ಕೆ 'ರೂಟ್ ಆ್ಯಡ್' ಮೂಲಕ ಪ್ರತ್ಯೇಕ ದಾರಿ ಸೇರಿಸಿ, ಒಳಜಾಲದ ಕಾರ್ಡ್‌ನಿಂದ ಗೇಟ್‌ವೇ ತೆಗೆಯಬೇಕು. ಆದೇಶದಲ್ಲಿ '-ಪಿ' ಇರಲೇಬೇಕು. ಇಲ್ಲವಾದರೆ ಸರ್ವರ್ ಮರುಚಾಲನೆಗೊಂಡಾಗ ಆ ದಾರಿ ಅಳಿದು, ಹಳೆಯ ತೊಂದರೆ ಮರಳುತ್ತದೆ.