ಸೂರ್ಯ ಕೆರಳಿದ ದಿನ ಫೋನ್ ನೋಡಿ ಬದು ಗುರುತಿಸಬೇಡಿ

2024ರ ಮೇ 10. ಅಮೆರಿಕದ ನೆಬ್ರಾಸ್ಕ, ಕಾನ್ಸಾಸ್ ಕಡೆ ಮೆಕ್ಕೆಜೋಳ ಬಿತ್ತನೆಯ ಭರಾಟೆ. ಅಲ್ಲಿ ಎಷ್ಟೋ ಟ್ರ್ಯಾಕ್ಟರ್‌ಗಳ ಸ್ಟೇರಿಂಗ್ ತಾನೇ ತಿರುಗುತ್ತೆ. ಆರ್‌ಟಿಕೆ ಅನ್ನೋ ನಿಖರ ಜಿಪಿಎಸ್ ಇರೋದ್ರಿಂದ ಸಾಲು ಎರಡು-ಮೂರು ಸೆಂಟಿಮೀಟರ್‌ಗಿಂತ ಆಚೀಚೆ ಆಗಲ್ಲ. ಆ ದಿನ ಮಾತ್ರ ಲೆಕ್ಕ ತಪ್ಪಿತು. ಎಷ್ಟೋ ರೈತರು ಬಿತ್ತನೆ ನಿಲ್ಲಿಸಿದರು. ನಿಲ್ಲಿಸದೇ ಬಿತ್ತಿದವರಿಗೆ ಡೀಲರ್‌ಗಳು ಹೇಳಿದ ಮಾತು ನನಗೆ ಮುಖ್ಯ ಅನ್ನಿಸಿತು: ಮುಂದೆ ಎಡೆ ಹೊಡೆಯೋಕೆ, ಮೇಲುಗೊಬ್ಬರ ಕೊಡೋಕೆ, ಕೊಯ್ಲಿಗೆ ಹೋದಾಗ ಕಂಪ್ಯೂಟರ್ ತೋರಿಸೋ ಜಾಗದಲ್ಲಿ ಸಾಲು ಇರಲಿಕ್ಕಿಲ್ಲ.

ಅಂದರೆ ಜಿಪಿಎಸ್ ಕೆಟ್ಟು ನಿಂತರೆ ಒಂದು ದಿನದ ಕೆಲಸ ಹೋಗುತ್ತೆ, ಅಷ್ಟೇ. ತಪ್ಪು ಜಾಗವನ್ನೇ ಸರಿ ಅಂತ ತೋರಿಸಿ, ನಾವು ಅದನ್ನೇ ಸೇವ್ ಮಾಡಿಕೊಂಡರೆ ಹಂಗಾಮು ಪೂರ್ತಿ ಕಾಡುತ್ತೆ.

ಆ ದಿನ ಆಗಿದ್ದಿಷ್ಟು. ಸೂರ್ಯನ ಮೇಲೆ ಭೂಮಿಯ ಅಗಲಕ್ಕಿಂತ ಸುಮಾರು 15 ಪಟ್ಟು ದೊಡ್ಡ ಕಲೆಗಳ ಗುಂಪೊಂದು ಸಿಡಿದು, ವಿದ್ಯುದಾವೇಶದ ಕಣಗಳ ಮೋಡಗಳನ್ನು ನಮ್ಮ ಕಡೆ ಎಸೆಯಿತು. ಅವು ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸಿದವು. ಇದೇ ಭೂಕಾಂತೀಯ ಬಿರುಗಾಳಿ. 2003ರ ನಂತರ ಇಷ್ಟು ಜೋರಿನದು ಬಂದಿರಲಿಲ್ಲ. ನಮ್ಮ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು.

ಇದಕ್ಕೂ ಜಿಪಿಎಸ್‌ಗೂ ಏನು ಸಂಬಂಧ? ಉಪಗ್ರಹ ಇರೋದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಸಿಗ್ನಲ್ ಬರೋಕೆ ಎಷ್ಟು ಹೊತ್ತಾಯಿತು ಅನ್ನೋದರ ಮೇಲೆ ನಿಮ್ಮ ಫೋನು ದೂರ ಲೆಕ್ಕ ಹಾಕುತ್ತೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ತಡವಾದರೂ 30 ಸೆಂಟಿಮೀಟರ್ ತಪ್ಪು. ದಾರಿಯಲ್ಲಿ ಅಯಾನುಗೋಳ ಅನ್ನೋ ಪದರ ಇದೆ, ಅಲ್ಲಿ ಬಿಡಿ ಎಲೆಕ್ಟ್ರಾನುಗಳು ತುಂಬಿವೆ. ಗಾಡಿ ಕೆಸರಲ್ಲಿ ನಿಧಾನ ಆಗೋ ಹಾಗೆ ಸಿಗ್ನಲ್ ಅಲ್ಲಿ ತಡವಾಗುತ್ತೆ. ಮಾಮೂಲಿ ದಿನ ಕೆಸರು ಎಷ್ಟಿದೆ ಅಂತ ಅಂದಾಜಿದೆ, ಅದನ್ನು ಕಳೆದು ಲೆಕ್ಕ ಸರಿ ಮಾಡ್ತಾರೆ. ಬಿರುಗಾಳಿ ಬಂದಾಗ ಒಂದು ಕಡೆ ಮೊಣಕಾಲುದ್ದ, ಪಕ್ಕದಲ್ಲೇ ಒಣ ನೆಲ. ಆರ್‌ಟಿಕೆ ಎಡವೋದು ಇಲ್ಲೇ: ಬೇಸ್ ಸ್ಟೇಷನ್ ಮೇಲಿನ ಆಕಾಶ, ಟ್ರ್ಯಾಕ್ಟರ್ ಮೇಲಿನ ಆಕಾಶ ಒಂದೇ ಥರ ಇದೆ ಅನ್ನೋ ನಂಬಿಕೆ ಮೇಲೆ ಅದು ನಿಂತಿದೆ.

ನಮಗೆ ಇನ್ನೊಂದು ತಲೆನೋವಿದೆ. ಕಾಂತೀಯ ಸಮಭಾಜಕ ವೃತ್ತ ಭಾರತದ ದಕ್ಷಿಣ ತುದಿಯಲ್ಲೇ ಹಾದುಹೋಗುತ್ತೆ. ಹಾಗಾಗಿ ಬಿರುಗಾಳಿ ಇಲ್ಲದ ದಿನವೂ ಸೂರ್ಯ ಮುಳುಗಿದ ಮೇಲೆ ನಮ್ಮ ಮೇಲಿನ ಅಯಾನುಗೋಳದಲ್ಲಿ ಗುಳ್ಳೆಗಳೇಳುತ್ತವೆ. ನಕ್ಷತ್ರ ಮಿನುಗಿದ ಹಾಗೆ ಸಿಗ್ನಲ್ ಮಿನುಗಿ, ಒಮ್ಮೊಮ್ಮೆ ಕಡಿದೇ ಹೋಗುತ್ತೆ. ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕಾಟ ಹೆಚ್ಚು. ಎರಡು ತರಂಗಾಂತರ ಹಿಡಿಯೋ ಫೋನು ಸಿಗ್ನಲ್ ತಡವಾದದ್ದನ್ನು ಸರಿಮಾಡಬಲ್ಲದು, ಸಿಗ್ನಲ್ಲೇ ಕಡಿದರೆ ಅದೂ ಕೈಚೆಲ್ಲುತ್ತೆ.

ನಾನು ಸಾವಯವ ಮಾಡೋನು. ಪಕ್ಕದ ಹೊಲದಲ್ಲಿ ಡ್ರೋನ್‌ನಿಂದ ಕೀಟನಾಶಕ ಹೊಡೆಸ್ತಾರೆ. ಡ್ರೋನಿಗೆ ಬದು ಕಾಣಲ್ಲ, ಸೇವ್ ಮಾಡಿದ ಗಡಿಯ ಅಂಕಿ ಮಾತ್ರ ಗೊತ್ತು. ಆ ಗಡಿ ಮೂರು ಮೀಟರ್ ಈಚೆ ಬಂದರೆ ಸಾಕು, ಔಷಧಿ ನನ್ನ ಬೆಳೆ ಮೇಲೆ, ಪ್ರಮಾಣಪತ್ರ ಅಪಾಯದಲ್ಲಿ. ಅದಕ್ಕೇ ಅವರಿಗೂ ನಿಮಗೂ ಹೇಳೋದು: ಗಡಿ ಗುರುತನ್ನು ಹಗಲಲ್ಲೇ ಮಾಡಿ, ಇನ್ನೊಂದು ದಿನ ಮತ್ತೆ ನಡೆದು ಎರಡನ್ನೂ ತಾಳೆ ನೋಡಿ. ಬೆಳೆ ಸಮೀಕ್ಷೆ ಆಪ್‌ನಲ್ಲಿ ಫೋಟೊ ತೆಗೆಯುವಾಗ ಬದುವಿನ ಮೇಲೆ ನಿಲ್ಲದೆ ಹೊಲದ ನಡುವೆ ನಿಲ್ಲಿ, ಇಲ್ಲಾಂದ್ರೆ ನಿಮ್ಮ ಚುಕ್ಕಿ ಪಕ್ಕದ ಸರ್ವೆ ನಂಬರಿಗೆ ಜಿಗಿದೀತು.

ಬಿರುಗಾಳಿ ಇದೆಯಾ ಅಂತ ತಿಳಿಯೋಕೆ ಅಮೆರಿಕದ ನೋವಾ ಸಂಸ್ಥೆಯ ಬಾಹ್ಯಾಕಾಶ ಹವಾಮಾನ ಪುಟದಲ್ಲಿ ಕೆಪಿ ಅನ್ನೋ ಅಂಕಿ ನೋಡಿ. ಉಚಿತ. 0ಯಿಂದ 9ರವರೆಗೆ ಇರುತ್ತೆ, 5 ಮುಟ್ಟಿದರೆ ಬಿರುಗಾಳಿ. ಅಲ್ಲಿನ ಸಮಯಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ. 7 ಅಥವಾ ಮೇಲಿದ್ದರೆ ಗಡಿ ಗುರುತು, ಡ್ರೋನ್ ಮ್ಯಾಪಿಂಗ್ ಎರಡು ದಿನ ಮುಂದೂಡಿ ಅನ್ನೋದು ನನ್ನ ಲೆಕ್ಕ.

ಹಾಗಂತ ಅಡಿಕೆ ತೋಟದೊಳಗೆ ಚುಕ್ಕಿ ಅಲೆದಾಡಿದರೆ ಸೂರ್ಯನನ್ನು ಬೈಯಬೇಡಿ, ಅದು ಸೋಗೆಯ ಕೆಲಸ. ಅನುಮಾನ ಬಂದರೆ ಬಯಲಿನ ಬಾಂದು ಕಲ್ಲಿನ ಮೇಲೆ ಫೋನಿಟ್ಟು ನೋಡಿ. ಆರ್‌ಟಿಕೆ ಡ್ರೋನ್ ತಂದವರಿಗೆ ಸ್ಕ್ರೀನ್ ತೋರಿಸೋಕೆ ಹೇಳಿ: 'ಫಿಕ್ಸ್' ಅಂತಿದ್ದರೆ ಹಾರಿಸಲಿ, 'ಫ್ಲೋಟ್' ಅಂತಿದ್ದರೆ ಕಾಯಲಿ.