ಊರಕೋಳಿಗೆ ರೋಗವಿಲ್ಲವೆಂಬ ನಂಬಿಕೆ

ಎರ್ನಾಕುಲದ ಕಡೆ ‘ನಾಡನ್’ ಎಂದೂ ನಮ್ಮಲ್ಲಿ ‘ನಾಟಿ’ ಎಂದೂ ಕರೆಯಿಸಿಕೊಳ್ಳುವ ಊರಕೋಳಿಗೆ ವ್ಯಾಧಿಯೇ ತಾಗದು, ಅದರ ರಕ್ತದಲ್ಲಿಯೇ ಸಕಲ ರೋಗಗಳನ್ನೂ ತಡೆಯುವ ಶಕ್ತಿಯೊಂದುಂಟು ಎಂಬ ನಂಬಿಕೆ ಕೊಳ್ಳುವವರಲ್ಲಿಯೂ ಸಾಕುವವರಲ್ಲಿಯೂ ಬೇರೂರಿದೆ. ಊರಕೋಳಿಯ ಮೇಲಣ ಅಭಿಮಾನ ನನಗೂ ಉಂಟು. ಆದರೆ ಹಳ್ಳಿಗರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ಹೊಕ್ಕ ಹಿತ್ತಿಲು ಕೆಲವೇ ದಿನಗಳಲ್ಲಿ ಬರಿದಾಗುವುದನ್ನು ಬಲ್ಲವರು ಈ ನಂಬಿಕೆಯನ್ನು ಒಪ್ಪಲಾರರು.

ರೋಗನಿರೋಧವು ಅಖಂಡವಾದ ಒಂದು ಗುಣವಲ್ಲ. ಕೋಳಿಯ 16ನೆಯ ವರ್ಣತಂತುವಿನಲ್ಲಿರುವ ‘ಬಿ’ ಜೀನುಸಮೂಹದ ಬಿ21 ಎಂಬ ಪ್ರಭೇದವನ್ನು ಪಡೆದ ಹಕ್ಕಿ, ನರಗಳನ್ನು ಕುಂದಿಸಿ ಗಡ್ಡೆಗಳನ್ನೆಬ್ಬಿಸುವ ಮಾರೆಕ್ ರೋಗವನ್ನು ಬಿ19 ಪಡೆದುದಕ್ಕಿಂತ ಬಹಳ ಚೆನ್ನಾಗಿ ತಡೆಯಬಲ್ಲುದು. ಅಷ್ಟರಿಂದಲೇ ಅದು ಮಿಕ್ಕ ವ್ಯಾಧಿಗಳನ್ನೂ ಗೆದ್ದೀತೆಂದು ಭಾವಿಸಲಾಗದು. ತಿರುವನಂತಪುರದ ಸೀಮೆಯ ಬೋಳುಕತ್ತಿನ ಕೋಳಿಯ ಜೀನಾದರೋ ಪುಕ್ಕವನ್ನು ತಗ್ಗಿಸಿ ಮೈಶಾಖವನ್ನು ಹೊರಬಿಡಿಸುವಂಥದು. ಸೆಕೆಯಲ್ಲಿ ಅದು ಗೆಲುವಾಗಿರುವುದನ್ನು ಕಂಡು ರೋಗವೂ ಬಾರದೆಂದು ಬಗೆಯುವವರು ಎರಡು ಬೇರೆ ಗುಣಗಳನ್ನು ಒಂದೆಂದೆಣಿಸುತ್ತಾರೆ.

ಬಾತಿನ ವಿಷಯ ಇನ್ನೂ ಗಹನವಾದುದು. ಹಕ್ಕಿಜ್ವರದ ವೈರಾಣುವನ್ನು ಜೀವಕೋಶದೊಳಗೆ ಗುರುತಿಸಿ ಎಚ್ಚರಿಕೆ ಕೊಡುವ ರಿಗ್-ಐ ಎಂಬ ಜೀನು ಬಾತಿಗೆ ಉಂಟು, ಕೋಳಿಗೆ ಇಲ್ಲವೆಂಬುದು 2010ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಇದೂ ಒಂದು ಕಾರಣವಾಗಿ, ಹಕ್ಕಿಜ್ವರದ ಅನೇಕ ಬಗೆಯ ವೈರಾಣುಗಳನ್ನು ಹೊತ್ತೂ ಬಾತು ಆರೋಗ್ಯವಾಗಿ ಈಜಾಡಬಲ್ಲುದು. ಹಾಗೆಂದು ಬಾತು ಹಕ್ಕಿಜ್ವರದಿಂದ ಸಾಯದೆಂಬ ಮಾತನ್ನು, ಎರ್ನಾಕುಲದ ದಕ್ಷಿಣಕ್ಕಿರುವ ಕುಟ್ಟನಾಡಿನ ಗದ್ದೆಬಯಲುಗಳಲ್ಲಿ 2014ರ ನವೆಂಬರಿನಲ್ಲಿ ರಾಶಿರಾಶಿಯಾಗಿ ಸತ್ತ ಬಾತುಗಳು, ಸೋಂಕು ಹರಡದಿರಲೆಂದು ಕೊಲ್ಲಬೇಕಾಗಿ ಬಂದ ಲಕ್ಷಕ್ಕೂ ಮಿಕ್ಕ ಹಕ್ಕಿಗಳು, ಬದುಕಿನ ಆಧಾರವನ್ನೇ ಕಳೆದುಕೊಂಡ ಅವುಗಳ ಸಾಕಣೆಗಾರರು, ಸುಳ್ಳಾಗಿಸಿದರು. ಸೋಂಕನ್ನು ತಡೆಯುವುದು ಬೇರೆ, ಸೋಂಕನ್ನು ಸಹಿಸುವುದು ಬೇರೆ. ಸಹಿಸುವ ಬಾತು ನೆರೆಯ ಕೋಳಿಗೆ ಮೃತ್ಯುವನ್ನೇ ತಂದೀತು.

ರಾಣಿಖೇತಿನಿಂದ ಉಳಿದ ಹೇಂಟೆಯ ಮರಿಗಳು ಮೊದಲ ದಿನಗಳಲ್ಲಿ ಆ ರೋಗಕ್ಕೆ ಬಗ್ಗದಿರುವುದನ್ನು ನೋಡಿ, ಇದು ವಂಶಗುಣವೆಂದು ಹಿಗ್ಗುವವರೂ ಉಂಟು. ಆದರೆ ಆ ಮರಿಗಳಿಗೆ ದೊರೆತುದು ಮುಖ್ಯವಾಗಿ ಜೀನಲ್ಲ, ತಾಯಿಯ ರಕ್ತದಿಂದ ಮೊಟ್ಟೆಯ ಹಳದಿಗೆ ಇಳಿದುಬಂದ ಪ್ರತಿಕಾಯಗಳು. ಕೆಲವೇ ವಾರಗಳಲ್ಲಿ ಆ ಬುತ್ತಿ ಮುಗಿಯುತ್ತದೆ. ಆದಕಾರಣ ರಾಣಿಖೇತನ್ನು ತಡೆಯಲು ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಸುವ ಎಫ್1 ಲಸಿಕೆಯೂ ಎಂಟನೆಯ ವಾರದ ಹೊತ್ತಿಗೆ ರೆಕ್ಕೆಯ ಬುಡದಲ್ಲಿ ಚುಚ್ಚುವ ಆರ್2ಬಿ ಲಸಿಕೆಯೂ ಫಾರಮ್ಮಿನ ಮರಿಗೆ ಎಷ್ಟು ಅವಶ್ಯವೋ ಹಿತ್ತಿಲಲ್ಲಿ ಕೆದಕುತ್ತ ತಾಯಿಯ ಹಿಂದೆ ಓಡುವ ನಾಟಿ ಮರಿಗೂ ಅಷ್ಟೇ ಅವಶ್ಯ.